ವರದಿಯಲ್ಲಿ ಒಂದು ಕಜ್ಜಾಯ

ಕಜ್ಜಾಯ ಕರಿಯುವ ವಾಸನೆ ಬಂದರೆ ಇವತ್ತಿಗೂ ನಾನು ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತೇನೆ.

ಭೀಮನಬೀಡಿನ ಸಹಕಾರ ಸಂಘದ ಲೆಕ್ಕ ತಪಾಸಣೆಗೆ ಹೊರಟ ನನ್ನ ಅಬ್ಬಾ, ನಾನಿನ್ನೂ ಚಿಕ್ಕವಳಿದ್ದಾಗ, ಮೊದಲ ಬಾರಿ ನನ್ನನ್ನೂ ಗುಂಡ್ಲುಪೇಟೆಯಿಂದ ಜಟಕಾದಲ್ಲಿ ಕರೆದೊಯ್ದಿದ್ದರು. ತಪಾಸಣೆ ಮುಗಿಯುವ ತನಕ ಅಲ್ಲಿ ನೀರು ಬಿಟ್ಟು ಏನನ್ನೂ ಮುಟ್ಟಬಾರದೆಂದು ದಾರಿಯುದ್ದಕ್ಕೂ ಹೇಳಿದ್ದರು. ಆದರೆ ಕಾರ್ಯದರ್ಶಿ ಮಾದಪ್ಪನವರು ತಂದಿಟ್ಟ ಕಜ್ಜಾಯ ಬಿಸಿಯಾಗಿತ್ತು. ಅಬ್ಬಾ ಪುಟ ತಿರುವುವಷ್ಟರಲ್ಲಿ ಒಂದನ್ನು ಬಾಯಿಗೆ ಹಾಕಿಕೊಂಡೆ.

ಅವರು ನೋಡಿಬಿಟ್ಟರು. ವರದಿಯ ಹಾಳೆ ತೆಗೆದು, “ನನ್ನ ಮಗಳು ಇಲ್ಲಿ ಒಂದು ಕಜ್ಜಾಯ ತಿಂದಿದ್ದಾಳೆ” ಎಂದು ಬರೆದರು.

“ಕೂಸು ತಿಂದುದ್ನೂ ಬರೀತರಾ, ಬುಡಿ ಸಾಬ್ರೆ” ಎಂದರು ಮಾದಪ್ಪ.

“ನಾಳೆ ಅಲ್ಲಾಹು ನನ್ನ ಲೆಕ್ಕ ಕೇಳ್ತಾನೆ, ಮಾದಪ್ಪನವರೇ” ಎಂದ ಅಬ್ಬಾ ಪೆನ್ನನ್ನು ನನ್ನ ಕೈಗಿತ್ತರು. “ಸಾಕ್ಷಿ ನೀನೇ. ಸಹಿ ಹಾಕು ಬೇಟಿ.”

ಅಂಜಿಕೆಯೆಲ್ಲ ಮರೆತು, ಉಬ್ಬಿಹೋಗಿ, ನಾಲಿಗೆ ಕಚ್ಚಿಕೊಂಡು ಬರೆದೆ. ಅದು ನನ್ನ ಜೀವನದ ಮೊದಲ ಸಹಿ. ಪಕ್ಕದಲ್ಲೇ ಎಣ್ಣೆಯ ಹೆಬ್ಬೆಟ್ಟೂ ಬಿದ್ದಿತ್ತು.