ಮೋಲ್ಡ್ ದಿನದ ಊಟ

ಮಿಕ್ಸರ್ ಗಡಗಡ ಅನ್ನುತ್ತ ಮೊದಲ ಸುತ್ತಿನ ಕಾಂಕ್ರೀಟು ತಿರುವುತ್ತಿತ್ತು. ಇನ್ನೇನು ಬಾಂಡ್ಲಿಗೆ ಸುರಿಯಬೇಕು, ಅಷ್ಟರಲ್ಲಿ ಮನೆ ಯಾರಿಗಾಗಿ ಏಳುತ್ತಿತ್ತೋ ಆ ಪುಟ್ಟಮಾದಮ್ಮನೇ ಬಂದು ಏಣಿಯ ಬುಡದಲ್ಲಿ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟಳು.

“ಊಟಕ್ಕೆ ಊಂ ಅನ್ನಿ ಸಾ. ಆಮ್ಯಾಕೆ ಕೆಲ್ಸ.”

ಶಿವಸ್ವಾಮಿಯವರಿಗೆ ತಲೆ ಕೆಟ್ಟುಹೋಯಿತು. ಎಂಜಿನಿಯರ್ ಕೆಲಸದಿಂದ ನಿವೃತ್ತರಾದ ಮೇಲೆ, ಭಾನುವಾರ ಬಂತೆಂದರೆ ಮೈಸೂರಿನಿಂದ ಇಪ್ಪತ್ತು ಜನರನ್ನು ಕವಲಂದೆಗೆ ಕರೆತಂದು, ಕೂಲಿಯಿಲ್ಲದೆ ಬಡವರಿಗೆ ಮನೆ ಕಟ್ಟಿಸುತ್ತಿದ್ದವರು ಅವರು. ಗೋಡೆ ಎದ್ದು, ಕಂಬಿ ಕಟ್ಟಿ ಮುಗಿದು, ಇವತ್ತು ತಾರಸಿಗೆ ಕಾಂಕ್ರೀಟು ಸುರಿಯುವ ಮೋಲ್ಡ್. ಅವರದು ಒಂದೇ ನಿಯಮ: ಮನೆಯವರೂ ಜೊತೆಗೆ ದುಡಿಯಬೇಕು, ಆದರೆ ಕಟ್ಟಲು ಬಂದವರು ಅವರಿಂದ ಕುಡಿಯುವ ನೀರು ಬಿಟ್ಟು ಬೇರೇನೂ ಮುಟ್ಟಬಾರದು. ಅದಕ್ಕೇ ವ್ಯಾನಿನಲ್ಲಿ ಪಲಾವಿನ ಪೊಟ್ಟಣಗಳು ಬಂದಿದ್ದವು.

“ಅಮ್ಮಾ, ಹಿಂದೆ ಒಂದೂರಲ್ಲಿ ನಮಗೆ ಊಟ ಹಾಕೋಕೆ ಅಂತ ಒಬ್ಬಾಕೆ ಕಿವಿಯ ಓಲೆನೇ ಮಾರಿಬಿಟ್ಟಿದ್ರು. ಅವತ್ತಿಂದ ಬೇಡ ಅಂತ ಮಾಡಿದೀವಿ.”

ಪುಟ್ಟಮಾದಮ್ಮ ಸೆರಗು ಸರಿಸಿ ಎರಡೂ ಕಿವಿ ತೋರಿಸಿದಳು. “ನೋಡ್ಕಳಿ, ಎಲ್ಡೂ ಅವೆ. ರಾಗಿ ನಮ್ಮಣ್ಣನ ಮನೇದು. ಅವರೆಕಾಯಿ ಬೀದಿಯವರೆಲ್ಲ ಕೂತು ಸುಲಿದುಕೊಟ್ರು.”

“ಅದಲ್ಲಮ್ಮಾ...”

“ಮತ್ತಿನ್ನೇನು? ನಮ್ಮಂತೋರ ಕೈಲಿ ಉಣ್ಣಕ್ಕೆ ಆಗಕಿಲ್ವಾ?”

ಶಿವಸ್ವಾಮಿಯವರು ಛೆ ಛೆ ಎಂದು ತಲೆಯಾಡಿಸಿದರು.

ಹದಿನೆಂಟು ವರ್ಷ ಊರೂರಿನ ತಾರಸಿಗೆ ಬಾಂಡ್ಲಿ ಹೊತ್ತವಳು ಅವಳು. ಎಂಥ ಜಿಪುಣನೇ ಇರಲಿ, ಮೋಲ್ಡ್ ದಿನ ಆಳುಗಳನ್ನು ಕೂರಿಸಿ ಎಲೆ ಹಾಕದೆ ಕಳಿಸಿದ್ದನ್ನು ಕಂಡವಳಲ್ಲ. ಹೋದಲ್ಲೆಲ್ಲ ಉಂಡು ಕೈ ತೊಳೆಯುವಾಗ, ತಾನೂ ಒಂದು ದಿನ ಹೀಗೆ ಬಡಿಸಬೇಕು ಅಂದುಕೊಂಡದ್ದೆಷ್ಟು ಸಲವೋ.

“ಒಂದ್ ತುತ್ತು ಇಕ್ದೆ ಆಕಿಸ್ಕಂಡ ತಾರಸಿ ಕೆಳ್ಗೆ ನಂಗೆ ನಿದ್ದೆ ಬತ್ತದಾ ಸಾ?”

“ಸರ್, ಬೇಗ ಹೇಳಿ!” ಬ್ಯಾಂಕಿನ ಕೆಲಸದ ರಾಣಿ ಮಿಕ್ಸರಿನ ಪಕ್ಕದಿಂದ ಕೂಗಿದಳು. “ಕಾಂಕ್ರೀಟು ಗಟ್ಟಿಯಾದ್ರೆ ಅಮ್ಮ ಮಿಕ್ಸರ್ ಒಳಗೇ ಸಂಸಾರ ಹೂಡಬೇಕಾಗುತ್ತೆ!”

“ಸರಿ, ಸೋತೆ ತಾಯಿ. ಏಳಿ.”

ಎದ್ದವಳೇ ಮೊದಲ ಬಾಂಡ್ಲಿಯನ್ನು ತಾನೇ ತಲೆಗಿಟ್ಟುಕೊಂಡು ಸರಸರ ಏಣಿ ಹತ್ತಿದಳು.

ಎರಡು ಗಂಟೆಗೆ ಮೋಲ್ಡ್ ಮುಗಿಯಿತು. ಹೊಂಗೆ ನೆರಳಲ್ಲಿ ಎಲೆ ಬಿತ್ತು. ಪಲಾವಿನ ಪೊಟ್ಟಣಗಳು ಬೀದಿಯವರ ಪಾಲಾದವು. ರಾಣಿ ಮುದ್ದೆಯನ್ನು ಅಗಿದೂ ಅಗಿದೂ ಒದ್ದಾಡುವುದನ್ನು ಕಂಡು ಪುಟ್ಟಮಾದಮ್ಮ ಬಿದ್ದು ಬಿದ್ದು ನಕ್ಕಳು. “ಅಗೀಬ್ಯಾಡ ಕಣವ್ವಾ, ನುಂಗು. ಅದಕ್ಕೇ ದಾರಿ ಗೊತ್ತು!”

ಶಿವಸ್ವಾಮಿಯವರು ಎರಡು ಮುದ್ದೆ ಮುಗಿಸಿ, ಸಾಕು ಸಾಕು ಎಂದು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರು. ಹಬೆಯಾಡುವ ಮೂರನೆಯ ಮುದ್ದೆ ಆ ಕೈಗಳ ಮೇಲೇ ಬಂದು ನಿಂತಿತು.

“ಕೈ ತೆಗೀರಿ ಸಾ, ಸುಟ್ಟಾತು. ನಮ್ಮನೇಲಿ ಬ್ಯಾಡ ಅನ್ನಂಗಿಲ್ಲ.”