ನಮ್ಮಂಥ ಡಾಕ್ಟರು

ಬಸ್ ಡ್ರೈವರು ರಿಪೋರ್ಟನ್ನು ಡಾಕ್ಟರ ಮುಂದಿಟ್ಟು, ಕುರ್ಚಿಯ ಅಂಚಿನಲ್ಲಿ ಒಂದೇ ಮಗ್ಗುಲಿಗೆ ಕೂತ. ಗುದದ್ವಾರದ ಕ್ಯಾನ್ಸರ್. ಬೇರೆ ಕಡೆಗೂ ಹಬ್ಬಿದೆ. ಡಾಕ್ಟರು ಅದೊಂದೇ ಪುಟವನ್ನು ಮೂರು ಸಲ ಓದಿದರು.

ಎಂಟು ತಿಂಗಳ ಹಿಂದೆ, ರಕ್ತ ಬೀಳುತ್ತಿದೆ ಎಂದು, ತಾನೇ ಬಸ್ ಓಡಿಸುವವನು ಎರಡು ಬಸ್ ಬದಲಾಯಿಸಿ ಇಲ್ಲಿಗೆ ಬಂದಿದ್ದ. ಮನೆ ಪಕ್ಕದಲ್ಲೇ ಆಸ್ಪತ್ರೆಯಿತ್ತು. ಆದರೆ ಗೆಳೆಯ ಹಟ ಹಿಡಿದಿದ್ದ. ಗೆಳೆಯ ಅಂದರೆ ಹನ್ನೊಂದು ವರ್ಷದಿಂದ ಒಂದೇ ಮನೆ, ಒಂದೇ ಹಾಸಿಗೆ. ನೆರೆಹೊರೆಯವರಿಗೆ ಮಾತ್ರ ಚಿಕ್ಕಪ್ಪನ ಮಗ. ಆ ಡಾಕ್ಟರೂ ನಮ್ಮ ಹಾಗೇ ಗೇ, ಹೊರಗೆ ಹೇಳಿಕೊಂಡಿಲ್ಲ ಅಷ್ಟೇ, ನೀನು ಬಾಯಿಬಿಟ್ಟು ಏನೂ ಹೇಳಬೇಕಾಗಿಲ್ಲ, ನೋಡಿದ ಕೂಡಲೇ ಅವರಿಗೆ ಗೊತ್ತಾಗುತ್ತೆ ಅಂದಿದ್ದ.

ಗೊತ್ತಾಗಿತ್ತು. ಎಡವಟ್ಟಾದದ್ದೇ ಅಲ್ಲಿ. ಮೂಲವ್ಯಾಧಿ ಎಂದು ಬಂದ ಯಾರನ್ನೂ, ಮುದುಕರಿರಲಿ ಪೊಲೀಸರಿರಲಿ, ಬೆರಳು ಹಾಕಿ ನೋಡದೆ ಈ ಡಾಕ್ಟರು ಕಳಿಸಿದವರಲ್ಲ. ಇವನೊಬ್ಬನನ್ನು ಬಿಟ್ಟು. ಗಂಡಸರ ಜೊತೆ ಮಲಗುತ್ತೀಯಾ ಎಂದು ಕೇಳಲಿಲ್ಲ, ಪ್ಯಾಂಟ್ ಬಿಚ್ಚು ಅನ್ನಲಿಲ್ಲ. ದಿನವಿಡೀ ಸೀಟಲ್ಲಿ ಕೂತು ಕೂತು ಬಂದಿರೋದು ಎಂದು ಮುಲಾಮು ಬರೆದುಕೊಟ್ಟರು. ಐದು ಸಲ ಬಂದ, ಐದು ಸಲವೂ ಮುಲಾಮೇ. ಡ್ರೈವರಿಗೆ ಕಣ್ಣು ತುಂಬಿ ಬಂದಿತ್ತು. ಎಂಥ ಮರ್ಯಾದಸ್ಥ, ಒಂಚೂರು ಮುಜುಗರ ಮಾಡಲಿಲ್ಲ, ಎಷ್ಟಾದರೂ ನಮ್ಮವರು ನಮ್ಮವರೇ ಎಂದು ಮನೆಗೆ ಹೋಗಿ ಹೊಗಳಿದ್ದೇ ಹೊಗಳಿದ್ದು.

ಕಡೆಗೆ ಸ್ಟೀರಿಂಗ್ ಹಿಡಿದು ಕೂರಲಾಗದೆ ಮನೆ ಪಕ್ಕದ ಆಸ್ಪತ್ರೆಗೇ ಹೋದ. ಮೇಜಿನ ಮೇಲೆ ಗಂಡ, ಮಕ್ಕಳ ಫೋಟೊ ಇಟ್ಟುಕೊಂಡಿದ್ದ ಲೇಡಿ ಡಾಕ್ಟರು ಕೈಗವಸು ಹಾಕಿಕೊಳ್ಳುತ್ತಲೇ, ಹೆಂಗಸರ ಜೊತೆನೋ ಗಂಡಸರ ಜೊತೆನೋ ಎಂದು, ಊಟ ಆಯ್ತಾ ಅನ್ನುವಷ್ಟು ಸಲೀಸಾಗಿ ಕೇಳಿದರು. ಗಂಟು ಕೈಗೆ ಸಿಗಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

"ಅಲ್ಲ ಸಾರ್, ನೀವ್ಯಾಕೆ ನೋಡಲಿಲ್ಲ?" ಡ್ರೈವರು ಈಗ ಕೇಳಿದ. ಜಗಳ ಕಾಯುವ ದನಿಯಲ್ಲ, ಸುಸ್ತಾದವನ ದನಿ.

ಡಾಕ್ಟರು ಪರದೆಯತ್ತ ನೋಡಿದರು. ಆಚೆ ನರ್ಸ್ ಇದ್ದಳು. ದನಿ ತಗ್ಗಿಸಿದರು. ಈ ವಯಸ್ಸಿನಲ್ಲೂ ಅಷ್ಟು ಪುಕ್ಕಲು. ಅಯ್ಯೋ ಅನ್ನಬೇಕೋ, ಛೀ ಅನ್ನಬೇಕೋ.

"ನನ್ನ ವಿಷಯ ನಿಮಗೆ ಗೊತ್ತಿದೆ ಅನ್ನಿಸಿತ್ತು. ನಾನು ಮುಟ್ಟಿದ್ರೆ ನೀವೇನು ಅಂದ್ಕೊಳ್ತೀರೋ ಅಂತ..."

ಡ್ರೈವರು ರಿಪೋರ್ಟು ಮಡಿಸಿ ಜೇಬಿಗೆ ಹಾಕಿಕೊಂಡ. ಮೇಜು ಹಿಡಿದು, ಹಲ್ಲು ಕಚ್ಚಿ ಎದ್ದು ನಿಂತ.

"ಏನಂದ್ಕೊಳ್ತಿದ್ದೆ ಸಾರ್? ಡಾಕ್ಟ್ರು ಅಂದ್ಕೊಳ್ತಿದ್ದೆ."