ಪೊಲೀಸರಿಗೆ ಅಜ್ಜಿ ಕೇಳಿದ್ದು

ಕಂಬಳಿಯ ವಾಸನೆ ಬಂದರೆ ಈಗಲೂ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ, ಮಕ್ಕಳೇ. ನಮ್ಮ ಕುರಿಹಟ್ಟಿಗೆ ಕಳ್ಳರು ನುಗ್ಗಿದ್ದರು. ಅಪ್ಪ ಒಬ್ಬನೇ ಕೋಲು ಹಿಡಿದು ಅವರನ್ನು ತಡೆದು ನಿಂತಿದ್ದ. ಅಜ್ಜಿ ನನ್ನನ್ನು ಎಳೆದುಕೊಂಡು ಅಂಗಡಿಯ ಫೋನಿಗೆ ಓಡಿದಳು.

ಯಾರೇ ಆಗಲಿ, ಮೊದಲು ಕ್ಷೇಮ ವಿಚಾರಿಸದೆ ವಿಷಯಕ್ಕೆ ಬರುವವಳಲ್ಲ ಅವಳು. ಪೊಲೀಸರು ಫೋನೆತ್ತಿದ ಕೂಡಲೇ, "ಆರಾಮ ಅದೀರೇನ್ರಿ? ಊಟ ಆತೇನ್ರಿ?" ಎಂದಳು.

"ಯಾವೂರಮ್ಮಾ? ಏನಾಯ್ತು?"

"ನಮ್ಮ ಹಟ್ಟೀರಿ. ನಿಮ್ಮ ಮನ್ಯಾಗ ಎಲ್ಲಾರೂ..."

ಯಾರೆದುರೂ ಬಾಯಿ ಬಿಡದೆ ಅವಳ ಕಂಬಳಿಗೆ ಮುಖ ಒತ್ತಿ ನಿಲ್ಲುತ್ತಿದ್ದ ನಾನು ಫೋನು ಕಸಿದುಕೊಂಡು ಕೂಗಿದೆ: "ಗುಮ್ಮಘಟ್ಟದ ದಾರಿ, ಕೆರೆ ಏರಿ ಹಿಂದಿನ ಕುರಿಹಟ್ಟಿ! ಕಳ್ಳರು ಬಂದಾರ, ಅಪ್ಪ ಒಬ್ಬನೇ ಅದಾನ, ಬೇಗ ಬರ್ರಿ!"

ಜೀಪು ಬಂತು, ಕಳ್ಳರು ಓಡಿದರು. ಅಪ್ಪನ ಹಣೆಯ ಗಾಯಕ್ಕೆ ಅರಿಶಿನ ಒತ್ತುತ್ತಲೇ ಅಜ್ಜಿ ಪೊಲೀಸರ ಕಡೆ ತಿರುಗಿದಳು.

"ಈಗರ ಹೇಳ್ರಿ, ಊಟ ಆತೇನ್ರಿ?"